ಮೊಟ್ಟೆ ತಡೆದ ಹೆಬ್ಬಾವನ್ನು ಹೆಂಡತಿ ಒಯ್ದ ಬಗ್ಗೆ

ವ್ಲಾಸ್ತಿಮಿಲ್ ಹ್ರುಷ್ಕಾ ಎಂಬ ನಾನು, ವಯಸ್ಸು ಐವತ್ತೆರಡು, ಉದ್ಯೋಗ ಟ್ರಾಲಿಬಸ್ ಚಾಲನೆ, ವಾಸ ಪಾರ್ದುಬಿತ್ಸೆ ನಗರದ ಲಿಪೊವಾ ಬೀದಿ, ಐದನೇ ಮಹಡಿ, ಠಾಣೆಗೆ ಖುದ್ದಾಗಿ ಬಂದು ತಿಳಿಸುತ್ತಿರುವುದೇನೆಂದರೆ:

ನಾನು ಹತ್ತೊಂಬತ್ತು ವರ್ಷಗಳಿಂದ ಮನೆಯ ಹಿಂದಿನ ಕೋಣೆಯಲ್ಲಿ ಸಣ್ಣ ಜಾತಿಯ ಹೆಬ್ಬಾವುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದೇನೆ. ಈ ದೂರಿಗೆ ಸಂಬಂಧಿಸಿದ ಹೆಣ್ಣು ಹಾವು ಅಲ್ಲಿಯೇ ಹುಟ್ಟಿದ್ದು. ಇದು ಅದರ ಮೊದಲ ಬಸಿರು. ಹಾವಿಗೆ ಹೆಸರಿಡುವ ಹುಚ್ಚು ನನಗಿಲ್ಲ. ನನ್ನ ಹೆಂಡತಿ ದ್ರಾಹೊಮಿರಾ ಅದನ್ನು ಬಾಬೆತಾ ಎಂದು ಕರೆಯುತ್ತಿದ್ದಳು.

ಜೂನ್ ಒಂದರ ಗುರುವಾರ ಹಾವು ಒದ್ದೆ ಪಾಚಿಯ ಡಬ್ಬಿಯೊಳಗೆ ಸುತ್ತಿ ಕುಳಿತಿತು. ಮೊಟ್ಟೆ ಇಡುವ ಮುಂಚೆ ಹೆಬ್ಬಾವು ಹೀಗೆಯೇ ಮಾಡುವುದು. ಆದರೆ ಭಾನುವಾರ ನಮ್ಮ ಊರಿನ ಹಾವಿನ ಸಂತೆ ಇತ್ತು. ತುಂಬು ಬಸುರಿಯನ್ನು ಮೇಜಿನ ಮೇಲಿಟ್ಟರೆ ಜನ ಹುಟ್ಟದ ಮರಿಗಳಿಗೂ ಅಲ್ಲೇ ಮುಂಗಡ ಕೊಟ್ಟು ಹೋಗುತ್ತಾರೆ. ಆದ್ದರಿಂದ ನಾನು ಡಬ್ಬಿಯನ್ನು ತೆಗೆದುಬಿಟ್ಟೆ. ತಕ್ಕ ಜಾಗ ಸಿಗದಿದ್ದರೆ ಹೆಣ್ಣು ಮೊಟ್ಟೆಯನ್ನು ತಡೆಹಿಡಿಯುತ್ತದೆ. ಇದು ಅಪರಾಧವಲ್ಲ, ಕಸುಬು.

ಶುಕ್ರವಾರ, ಶನಿವಾರ ಹಾವು ತನ್ನ ಗೂಡಿನ ಮುಚ್ಚಳಕ್ಕೆ ಮೂತಿ ಉಜ್ಜಿತು. ಚರ್ಮ ಕಿತ್ತು ರಕ್ತ ಬಂತು. ಡಬ್ಬಿ ಕೊಡೋ ಪುಣ್ಯಾತ್ಮ, ಹಡೆಯೋಕೆ ಜಾಗ ಹುಡುಕ್ತಿದೆ ಅದು ಎಂದು ಹೆಂಡತಿ ಗೋಗರೆದಳು. ಭಾನುವಾರದವರೆಗೆ ನೀನೂ ಸುಮ್ನಿರು, ಅದೂ ಸುಮ್ನಿರ್ಲಿ ಎಂದೆ.

ಸಂತೆಯಲ್ಲಿ ಬಸುರಿಯನ್ನು ಮೇಜಿನ ಮೇಲಿಟ್ಟಿದ್ದಾಗ, ಹಾವು ಸಾಕುವವರ ನಮ್ಮ ಸಂಘದ ಜ್ಬಿನ್ಯೆಕ್, ಏನಯ್ಯಾ ವ್ಲಾಸ್ತಾ, ನಿನ್ ಹಾವು ನೀನು ಹೇಳಿದ ದಿನಾನೇ ಹಡೀತಾವಾ ಎಂದು ಕೇಳಿದ. ನಮ್ಮನೇಲಿ ಏನೇ ಆದ್ರೂ ನಾನು ಹೇಳಿದಾಗ್ಲೇ ಎಂದೆ. ಎಲ್ಲರೂ ನಕ್ಕರು. ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು.

ಸಂಜೆ ಮನೆಗೆ ಬಂದು ಡಬ್ಬಿ ವಾಪಸ್ ಇಟ್ಟೆ. ಬೆಳಗಾಗುವುದರೊಳಗೆ ನಾಲ್ಕು ಮೊಟ್ಟೆ ಇಟ್ಟು ಹಾವು ನಿಲ್ಲಿಸಿಬಿಟ್ಟಿತು. ಇನ್ನು ಮೂರು ಕೆಳಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದು ಹೊರಗಿನಿಂದಲೇ ಕಾಣುತ್ತಿತ್ತು. ಬುಧವಾರ ಉಗುರುಬೆಚ್ಚಗಿನ ನೀರಲ್ಲಿ ಇಳಿಬಿಟ್ಟು, ಹೆಂಡತಿಗೆ ತಲೆ ಹಿಡಿದುಕೊಳ್ಳಲು ಹೇಳಿ, ಎರಡೂ ಹೆಬ್ಬೆರಳಿನಿಂದ ಒತ್ತಿದೆ. ಒಳಗೆ ಏನೋ ಹರಿದ ಹಾಗಾಯಿತು. ಹಾವು ಬಾಯಿ ತೆರೆಯಿತು, ಸದ್ದು ಬರಲಿಲ್ಲ.

ಕೈ ತೆಗಿಯೋ ಕಟುಕ ಎಂದು ಹೆಂಡತಿ ಕಿರುಚಿದಳು. ನನಗೆ ನೋವು ಬಂದಾಗ್ಲೂ ಸಂತೆ ಮುಗಿಸಿ ಬರ್ತೀನಿ, ತಡ್ಕೋ ಅಂದೆಯಲ್ಲೋ, ತಡ್ಕೊಂಡೆ, ಮಗು ಸತ್ತೇ ಹುಟ್ಟಿತು ಎಂದಳು. ಇದಕ್ಕೂ ದೂರಿಗೂ ಸಂಬಂಧವಿಲ್ಲ. ಏನನ್ನೂ ಬಿಡದೆ ಹೇಳಿ ಎಂದು ಅಧಿಕಾರಿಗಳು ಹೇಳಿದ್ದರಿಂದ ಬರೆಸಿದ್ದೇನೆ. ಆ ಸಂತೆಯ ತಾರೀಖು ಆರು ತಿಂಗಳ ಮೊದಲೇ ನಿಗದಿಯಾಗಿತ್ತು.

ಡಾಕ್ಟರ ಹತ್ತಿರ ಹೋಗೋಣ ಎಂದು ಅತ್ತಳು. ಡಾಕ್ಟರು ಕೊಯ್ದರೆ ಮೊಟ್ಟೆಯ ನಾಳವನ್ನೇ ತೆಗೆಯುತ್ತಾರೆ, ಆಮೇಲೆ ಅಂಥ ಹಾವಿಗೆ ಹಾಕಿದ ಇಲಿಯೆಲ್ಲ ದಂಡ. ಮರುದಿನ ಕೆಲಸ ಮುಗಿಸಿ ಬಂದು ನಾನೇ ಸೂಜಿ ಚುಚ್ಚಿ ಮೊಟ್ಟೆಯ ರಸ ಎಳೆಯುವವನಿದ್ದೆ.

ಗುರುವಾರ ಮನೆಗೆ ಬಂದಾಗ ಹಾವೂ ಇರಲಿಲ್ಲ, ಹೆಂಡತಿಯ ಕೋಟೂ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಫೋನ್ ಮಾಡಿದೆ. ಹನ್ನೊಂದು ಕಿಲೋಮೀಟರ್ ದೂರದ ಖ್ರುದಿಮ್‌ನಲ್ಲಿ ತಂಗಿಯ ಮನೆಯಲ್ಲಿದ್ದೇನೆ, ಡಾಕ್ಟರು ಮೂರೂ ಮೊಟ್ಟೆ ತೆಗೆದರು, ನಾಳವನ್ನೂ ತೆಗೆದರು, ಬದುಕ್ತಾಳೆ, ಇನ್ನು ಹಡೆಯಲ್ಲ ಎಂದಳು. ಅವಳ ದನಿಯಲ್ಲಿ ಸಂತೋಷವಿತ್ತು. ನಮ್ಮ ಮನೆಯಲ್ಲಿ ಆ ದನಿಯನ್ನು ನಾನು ಕೇಳಿದ್ದೇ ಇಲ್ಲ.

ಹೆಂಡತಿಯನ್ನು ಕರೆಸಿಕೊಡಿ ಎಂದು ನಾನು ಕೇಳುತ್ತಿಲ್ಲ. ಮೊಟ್ಟೆ ಇಡದ ಹಾವು ನಿಮಗೇಕೆ ಎಂದು ಅಧಿಕಾರಿಗಳು ಕೇಳಿದರು. ನನಗೂ ಬೇಡ. ಆದರೆ ಹಾವು ನನ್ನದು, ಅವಳ ಹತ್ತಿರ ಇರಕೂಡದು. ಅದನ್ನು ವಶಪಡಿಸಿ ನನಗೆ ಕೊಟ್ಟರೆ ಅದೇ ದಿನ ಫ್ರೀಜರಿಗೆ ಹಾಕುತ್ತೇನೆ. ತಣ್ಣನೆ ರಕ್ತದ ಪ್ರಾಣಿ, ನಿದ್ದೆ ಹೋದ ಹಾಗೆ ಹೋಗುತ್ತದೆ, ನಮ್ಮವರೆಲ್ಲ ಹಾಗೆಯೇ ಮಾಡುವುದು. ಹಾವನ್ನು ತಲುಪಿಸಲು ಹೆಂಡತಿಯೇ ಬರಬೇಕು, ಮುಚ್ಚಳ ಹಾಕುವವರೆಗೂ ಅಲ್ಲೇ ನಿಂತಿರಬೇಕು ಎಂದು ಕೋರುತ್ತೇನೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ಎಲ್ಲವೂ ನಾನು ಹೇಳಿದ್ದೇ, ಎಲ್ಲವೂ ನಿಜ, ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.

ಸ್ಥಳ: ಪಾರ್ದುಬಿತ್ಸೆ
ದಿನಾಂಕ: 9 ಜೂನ್ 2017
ಸಹಿ: ವ್ಲಾಸ್ತಿಮಿಲ್ ಹ್ರುಷ್ಕಾ