ಸರದಾರನ ದವಡೆ

ನಮ್ಮ ಸೋದರಮಾವನ ಮಗ ಬಾಳೇಶ ಆ ರಾತ್ರಿ ತನ್ನ ಟಗರನ್ನು ಹೂತು ಮನೆಗೆ ಬರುತ್ತಿದ್ದ. ಚಿಕ್ಕಪಡಸಲಗಿಯ ದಾರಿ, ಪರಸಪ್ಪನ ಹೊಲದ ಹಾಳುಬಾವಿ. ಎರಡೂ ಬದಿಗೆ ಕಬ್ಬು. ಗಾಳಿ ಇಲ್ಲ... ಸೋಗೆ ಕೂಡ ಮಿಸುಕುತ್ತಿರಲಿಲ್ಲ.

ಹೂತದ್ದು ಬರೀ ಮುಂಡ. ತಲೆ ಮುಧೋಳದಲ್ಲಿತ್ತು.

ಆ ಟಗರಿನ ಹೆಸರು ಸರದಾರ. ಮನೆಯಲ್ಲಿ ಹಾಲು, ತತ್ತಿ ಮೊದಲು ಅದಕ್ಕೆ. "ಟಗರಿನ ಕೂಡನ ಲಗ್ನ ಆಗಬೇಕಿತ್ತು ನೀವು" ಎಂದು ಹೆಂಡತಿ ಗುರುಬಾಯಿ ಅಣಕಿಸುತ್ತಿದ್ದಳು. ಬೀಳಗಿ ಕಡೆ ಟಗರಿನ ಕಾಳಗದಲ್ಲಿ ಗುದ್ದು ತಿಂದು ಸರದಾರನ ದವಡೆ ಬಿಗಿದುಕೊಂಡಿತು. ಬಾಯಿ ತೆರೆಯಲೊಲ್ಲದು. ಬಾಳೇಶ ಅದನ್ನು ಮುಧೋಳಕ್ಕೆ ಒಯ್ದ. ಅಲ್ಲಿ ಸುಪ್ರೀತಾ ಅಂತ ಒಬ್ಬರು ದನದ ಡಾಕ್ಟರು, ಆಡು ಕುರಿ ಮೇವು ಅಗಿಯುವಾಗ ದವಡೆಯ ಕೀಲು ಎಷ್ಟು ಸರಿಯುತ್ತದೆ ಎಂದು ಎಕ್ಸ್-ರೇ ವಿಡಿಯೊ ತೆಗೆದು ಅಳೆಯುತ್ತಿದ್ದರು. ಸರದಾರನದೂ ತೆಗೆದರು.

"ಕೀಲು ಬರೇ ಕೂದಲೆಳಿಯಷ್ಟು ಸರ್ಯಾಕತ್ತೈತಿ ನೋಡ್ರಿ. ನಾವು ನಳಿಗಿ ಹಾಕಿ ಉಣಸ್ತೀವಿ. ನೀವು ಬಾಯಾಗ ಏನೂ ಹೊಯ್ಯಬ್ಯಾಡ್ರಿ."

ಹಸಿದ ಜೀವ ಮುಖ ನೋಡುತ್ತಿದ್ದರೆ ಯಾರಿಗೆ ತಡೆಯುತ್ತದೆ? ಯಾರೂ ಇಲ್ಲದಾಗ ಬಾಳೇಶ ಹುರುಳಿ ಬೇಯಿಸಿ ಬಸಿದ ಕಟ್ಟನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ, ಹಲ್ಲಿನ ಸಂದಿಯಿಂದ ಹೊಯ್ದ. ಅದು ಹೊಟ್ಟೆಗೆ ಹೋಗಲಿಲ್ಲ. ಪುಪ್ಪುಸಕ್ಕೆ ಹೋಯಿತು. ಸಂಜೆಗೆ ಸರದಾರ ಸತ್ತಿತು. ಕೀಲು ಯಾಕೆ ಸಿಕ್ಕಿಕೊಂಡಿತ್ತೋ ನೋಡಬೇಕು, ತಲೆ ಬಿಟ್ಟುಹೋಗಿ ಅಂದರು ಡಾಕ್ಟರು. ತಾನೇ ಕೊಂದವನು, ಏನಂತ ಬೇಡ ಅಂದಾನು?

ಆ ರಾತ್ರಿ ಬಾವಿ ದಾಟಿದ್ದ. ಹಿಂದೆ ಸಪ್ಪಳ.

ಕರ್ರ್... ಕರ್ರ್... ಟಕ್.

ಹಲ್ಲಿಗೆ ಹಲ್ಲು ತಿಕ್ಕುವ ಸಪ್ಪಳ. ಕೊನೆಗೆ ಮೂಳೆಯ ಟಕ್. ಬೇರೆಯವರಾಗಿದ್ದರೆ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದರು. ಬಾಳೇಶ ನಿಂತ.

"ಮೆಲಕ ಹಾಕಾಕತ್ತೀಯೇನಲೇ?" ಪಿಸುಗುಟ್ಟಿದ. ಇಷ್ಟು ದಿನ ಈ ಸಪ್ಪಳಕ್ಕೇ ಅವನ ಜೀವ ಬಾಯಿ ಬಿಟ್ಟಿತ್ತು.

ಸಪ್ಪಳ ಮನೆಯ ತನಕ ಬಂತು. ಖಾಲಿ ಕೊಟ್ಟಿಗೆಯೊಳಗೆ ಹೋಯಿತು. ಗುರುಬಾಯಿ ಬಾಗಿಲಿಗೆ ಬಂದಳು.

"ಒಳಗ... ಏನರೀ ಅದು?"

"ಹಸದೈತಿ. ಹುರಳಿ ಕೊಡು."

ನೆನೆದ ಹುರುಳಿಯ ಬುಟ್ಟಿ ಇಟ್ಟು ಬಾಗಿಲು ಮುಂದೆ ಮಾಡಿದ. ಬೆಳತನಕ ಕರ್ರ್... ಟಕ್. ನಸುಕಿನಲ್ಲಿ ನಿಂತಿತು. ನೋಡಿದರೆ ಬುಟ್ಟಿ ಖಾಲಿ. ಸದ್ಯ, ಹೊಟ್ಟೆ ತುಂಬ ತಿಂದಿತಲ್ಲ ಎಂದು ಬಾಳೇಶ ಅತ್ತುಬಿಟ್ಟ.

ಹೊತ್ತೇರಿದ ಮೇಲೆ ಡಾಕ್ಟರ ಫೋನು ಬಂತು.

"ಬಾಳೇಶ ಅವರ, ತಲಿ ಐಸ್ ಡಬ್ಬ್ಯಾಗ ಬೀಗ ಹಾಕಿ ಇಟ್ಟಿದ್ದೆ. ಈಗ ಎಕ್ಸ್-ರೇ ತಗದೆ... ಬಾಯಿ ತುಂಬ ಹುರಳಿ ಐತಿ. ನಿನ್ನಿ ಇರಲಿಲ್ಲ."

"ಕೀಲು ಸರದೈತೇನ್ರೀ?" ಅವನು ಕೇಳಿದ್ದು ಅದೊಂದೇ.

"ಇಲ್ಲರಿ... ಹಂಗ ಬಿಗದೈತಿ."

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಎಕ್ಸ್-ರೇ ನಾನು ಕಣ್ಣಾರೆ ನೋಡಿದ್ದೇನೆ. ಹಲ್ಲು ಕಚ್ಚಿಕೊಂಡೇ ಇದ್ದವು... ಒಳಗೆ ಹುರುಳಿ ತುಂಬಿತ್ತು. ಒಂದು ಕಾಳೂ ಒಡೆದಿರಲಿಲ್ಲ.