ಅಯ್ಯನಾರ್ ಮಾವನ ಹಿಡಿ

ಬಾಗಿಲು ಹಾಕಿ ಕೂತುಕೊಳ್ಳಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗ ಮುತ್ತುಸಾಮಿಗೆ ಆದದ್ದು, ಹೋದ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ. ನಮ್ಮೂರು ಇರುವುದು ತಮಿಳು ಸೀಮೆಯಲ್ಲಿ, ಮನೆಮಾತು ಮಾತ್ರ ಕನ್ನಡ.

ಬೋಡಿಯಿಂದ ಬಂದ ಕೊನೆಯ ಬಸ್ಸು ಅವನನ್ನು ರಸ್ತೆಯಲ್ಲಿ ಇಳಿಸಿ ಹೋಯಿತು. ಮನೆಗೆ ದ್ರಾಕ್ಷಿತೋಟದ ಬದಿಯ ಕಾಲುದಾರಿ. ನಡುವೆ ಒಂದು ಬತ್ತಿದ ಬಾವಿ. ದೂರದಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಹತ್ತುತ್ತಿದ್ದವು, ಆರುತ್ತಿದ್ದವು. ಮುತ್ತುಸಾಮಿಗೆ ಭಯವಿರಲಿಲ್ಲ, ಖುಷಿಯಿತ್ತು. ಸೊಂಟದಲ್ಲಿ ಬಟ್ಟೆ ಸುತ್ತಿದ ಚಾಕು ಇತ್ತು.

ಅವನ ಕೆಲಸವೇ ಅದು. ಮರದ ಮಿಲ್ಲಿನವರು ಬಿಸಾಡಿದ ಗರಗಸದ ಅಲಗು, ಹಲ್ಲು ಹೋದ ಕುಡುಗೋಲು, ಮುರಿದ ಕೊಡಲಿಯ ಹಿಡಿ... ಎಲ್ಲ ಹೆಕ್ಕಿ ತಂದು, ಕಾಯಿಸಿ, ಮಸೆದು, ಹಿತ್ತಾಳೆ ಆಣಿ ಹೊಡೆದು ಚಾಕು ಮಾಡುತ್ತಾನೆ. ಊರವರು ಅವನಿಗೆ ‘ತುಕ್ಕುಸಾಮಿ’ ಅಂತ ಹೆಸರಿಟ್ಟಿದ್ದರು. ಅವತ್ತು ಬೆಟ್ಟದ ಮೇಲಿನ ಬೋಡಿಮೆಟ್ಟಿನ ಲಾಡ್ಜಿನವರು ಆ ಚಾಕುವನ್ನು ಕೈಯಲ್ಲಿ ತೂಗಿ ನೋಡಿ, “ಇದೇ ಮಾದರೀಲಿ ನಮ್ಮ ಅಡಿಗೆಮನೆಗೆಲ್ಲ ಮಾಡಿಕೊಡಿ” ಅಂದಿದ್ದರು. ಅವನ ಕೆಲಸವನ್ನು ಒಬ್ಬರು ಕೆಲಸ ಅಂತ ಒಪ್ಪಿದ್ದು ಅದೇ ಮೊದಲು. ಇದ್ದ ಒಂದೇ ಮಾದರಿ ಅವನ ಸೊಂಟದಲ್ಲಿತ್ತು.

ಆದರೆ ಆ ಚಾಕುವಿನ ಹಿಡಿ... ಅದನ್ನು ಮೊದಲು ಹೇಳಬೇಕು.

ನಮ್ಮವರಲ್ಲಿ ಗುದ್ದಲಿ ಹಿಡಿದು ಬದುಕಿದವನು ಸತ್ತರೆ, ಗುದ್ದಲಿಯ ಅಲಗು ಮನೆಗೆ, ಹಿಡಿ ಅವನಿಗೆ. ಕಬ್ಬಿಣ ಯಾರ ಕೈಗಾದರೂ ಒಗ್ಗುತ್ತದೆ. ಹಿಡಿ ಅವನ ಬೆವರು ಕುಡಿದದ್ದು. ಅದನ್ನು ಕಳಚಿ, ಅವನು ನೀರು ಹಾಯಿಸಿದ ಬಾವಿಯ ಕಟ್ಟೆಗೆ ಒರಗಿಸಿ ಬರುತ್ತೇವೆ. ಗೆದ್ದಲು ತಿಂದರೆ ತಿನ್ನಲಿ, ಮುಟ್ಟುವುದಿಲ್ಲ. ಅಯ್ಯನಾರ್ ಮಾವ ಸತ್ತಾಗ ಅವರ ಹೆಂಡತಿ ರಾಜಮ್ಮಾಳ್ ಅತ್ತೆ ಹಾಗೇ ಮಾಡಿದ್ದರು, ಕಾಲುದಾರಿಯ ಆ ಬತ್ತಿದ ಬಾವಿಯ ಕಟ್ಟೆಗೇ. ಜಾಲಿಮರದ ಹಿಡಿ. ಎಣ್ಣೆ ಹಚ್ಚಿದ ಹಾಗೆ ಕಪ್ಪು. ಮುತ್ತುಸಾಮಿ ಅದನ್ನು ಎತ್ತಿಕೊಂಡು ಬಂದ.

“ಡೇಯ್, ಅದು ಮಾವಂದು ಕಣೋ” ಅಂದೆ.

“ಮಾವ ಅಲ್ಲೂ ಗುದ್ದಲಿ ಹಿಡೀಬೇಕಾ ಅಕ್ಕಾ? ಅಲ್ಲಾದ್ರೂ ರೆಸ್ಟ್ ತಗೊಳ್ಲಿ, ಸುಮ್ನಿರು.”

ನಡುವಿನಿಂದ ಗೇಣುದ್ದಕ್ಕೂ ಕಡಿಮೆಯ ತುಂಡನ್ನು ಕೊಯ್ದು, ಎರಡು ಆಣಿ ಹೊಡೆದು ಆ ಚಾಕುವಿಗೆ ಹಾಕಿಕೊಂಡ. ಉಳಿದದ್ದನ್ನು ಅವನ ಹೆಂಡತಿ ತೇನ್‌ಮೊಳಿ ಒಲೆಗೆ ಹಾಕಿದಳು. ಆ ಉರಿಯಲ್ಲಿ ಕಾಸಿದ ಕಾಫಿಯನ್ನು ನಾನೇ ಕುಡಿದಿದ್ದೇನೆ. ಇದನ್ನು ನೆನಪಿಟ್ಟುಕೊಳ್ಳಿ.

ಆ ರಾತ್ರಿ ಮುತ್ತುಸಾಮಿ ಈಗ ಅದೇ ಬಾವಿಯ ಹತ್ತಿರ ಬಂದ.

ಟೊಕ್...

ನಿಂತ.

ಟೊಕ್... ಟೊಕ್...

ಗುದ್ದಲಿ ಕಟ್ಟುವವರಿಗೆಲ್ಲ ಆ ಸದ್ದು ಗೊತ್ತು. ಹಿಡಿಯನ್ನು ಅಲಗಿನ ತೂತಿಗೆ ತೂರಿಸಿ ಕಲ್ಲಿಗೆ ಕುಟ್ಟುವ ಸದ್ದು. ಬಿಗಿಯಾಗಿ ಕೂತರೆ ‘ಟಕ್’ ಅನ್ನುತ್ತದೆ. ಕೂರದಿದ್ದರೆ ಹೀಗೆ, ಪೊಳ್ಳಾಗಿ... ಟೊಕ್.

“ಯಾರದು?”

ಸದ್ದು ನಿಂತಿತು. ಬಾವಿಯೊಳಗಿಂದ ಪಿಸುಮಾತು. ತಮಿಳಲ್ಲ, ನಮ್ಮ ಮನೆಮಾತು.

“ಹಿಡಿ...”

ಯಾರೋ ಬಿದ್ದಿದ್ದಾರೆ ಅಂದುಕೊಂಡ. ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ. ಕಟ್ಟೆಯ ಮೇಲೆ ಹೊಟ್ಟೆ ಊರಿ ಬಲಗೈ ಇಳಿಬಿಟ್ಟ.

“ಹಿಡ್ಕೋ! ಇಗೋ, ಕೈ ಇಲ್ಲೈತೆ!”

ಹಿಡಿಯಿತು.

ಬೆಚ್ಚಗಿನ, ಒಣಗಿದ ಅಂಗೈ. ತುಂಬ ಜಡ್ಡು. ಒಂದು ಕೈ ಮಣಿಕಟ್ಟಿಗೆ, ಇನ್ನೊಂದು ಮೊಣಕೈಗೆ... ಗುದ್ದಲಿ ಹಿಡಿಯುವ ಹಾಗೆ. ಆಮೇಲೆ ತಿರುವಿತು. ಬಿಗಿ ಇದೆಯಾ ಅಂತ ನೋಡುವ ಹಾಗೆ, ಮೆಲ್ಲಗೆ. ಎಲುಬು ಕರಕರ ಅಂತು.

“ಹಿಡಿ... ನನ್ ಹಿಡಿ...”

ಆಗ ಅವನಿಗೆ ತಿಳಿಯಿತು. ನಾನು ಓದಿದ ಕರ್ನಾಟಕದ ಪುಸ್ತಕಗಳಲ್ಲಿ ಗುದ್ದಲಿಗೆ ‘ಕಾವು’ ಇರುತ್ತದೆ. ನಮ್ಮ ಕಡೆ ಚಾಕುವಿಗೂ ಗುದ್ದಲಿಗೂ ಹಿಡಿಯೇ. ಕೈ ಹಿಡಿ ಅನ್ನುವುದಕ್ಕೂ ಅದೇ ಮಾತು. ಬೇರೆ ಮಾತಿದ್ದಿದ್ದರೆ ನನ್ನ ತಮ್ಮ ಕೈ ಚಾಚುತ್ತಲೇ ಇರಲಿಲ್ಲ.

ಎಡಗೈಯಲ್ಲಿ ಚಾಕು ಕಿತ್ತ. ಕಿತ್ತವನು ಒಂದು ಉಸಿರು ತಡೆದ. ಇದ್ದದ್ದು ಒಂದೇ ಮಾದರಿ... ಲಾಡ್ಜಿನವರಿಗೆ ಏನು ತೋರಿಸಲಿ...

ಲಟ್.

ಮಣಿಕಟ್ಟಿನ ಕೈ ಮುಂದೆ ಸರಿದು ಕಿರುಬೆರಳು ಮುರಿದಿತ್ತು.

“ತಗೊಳ್ಳಿ ಮಾವ! ನಿಮ್ದೇ! ತಗೊಳ್ಳಿ!”

ಎಸೆದ. ಬಿದ್ದ ಸದ್ದೇ ಇಲ್ಲ. ಕೈ ಸಡಿಲವಾಯಿತು. ಅವನು ಕಟ್ಟೆಯಿಂದ ಹಿಂದಕ್ಕೆ ಉರುಳಿದ. ಎದ್ದು ಓಡುವಾಗ ಬೆನ್ನ ಹಿಂದೆ ಒಂದೇ ಸಲ ಕೇಳಿಸಿತಂತೆ.

ಟಕ್.

ಬೆಳಗಾದ ಮೇಲೆ ನಾನೂ ತೇನ್‌ಮೊಳಿಯೂ ಬಾವಿಗೆ ಹೋದೆವು. ಬಗ್ಗಿ ನೋಡಿದರೆ ಒಣ ಕಲ್ಲಿನ ಮೇಲೆ ಚಾಕುವಿನ ಅಲಗು ಮಾತ್ರ ಹೊಳೆಯುತ್ತಿತ್ತು. ಬೋಳಾಗಿ. ತೇನ್‌ಮೊಳಿ ನನ್ನ ತೋಳು ಹಿಡಿದು “ಅಕ್ಕಾ, ಹೋಗಾನ” ಅಂದಳು. ನಾನು ಮನೆಗೆ ಹೋಗಲಿಲ್ಲ. ಹಟ ನನ್ನದು. ನೇರ ರಾಜಮ್ಮಾಳ್ ಅತ್ತೆಯ ಮನೆಗೆ ಹೋದೆ.

ಹಟ್ಟಿಯ ಗೋಡೆಯಲ್ಲಿ ನೇತಾಡುತ್ತಿದ್ದ ಮಾವನ ಗುದ್ದಲಿಯ ಅಲಗು ಅಲ್ಲಿರಲಿಲ್ಲ. ಹೊಸಿಲ ಪಕ್ಕ ಗುದ್ದಲಿ ನಿಂತಿತ್ತು. ಹಿಡಿ ಸಮೇತ.

“ಯಾರು ಕಟ್ಟಿಕೊಟ್ಟಿದ್ದು ಅತ್ತೆ?”

“ನಿನ್ ತಮ್ಮನೇ ಇರ್ಬೇಕು. ಅವ್ನಿಗೆ ಬುದ್ಧಿ ಬಂತಲ್ಲ ಅಂದ್ಕೊಂಡೆ. ನಂಗೇನು ಗೊತ್ತು? ಎದ್ದಾಗ ಇಲ್ಲಿತ್ತು.”

ಮುತ್ತುಸಾಮಿ ಈಗಲೂ ಚಾಕು ಮಾಡುತ್ತಾನೆ. ಮಾದರಿಯಿಲ್ಲದೆ, ನೆನಪಿಂದಲೇ ಲಾಡ್ಜಿಗೂ ಮಾಡಿಕೊಟ್ಟ, ಸೀಬೆಮರದ ಹಿಡಿ ಹಾಕಿ. ಬಲಗೈ ಕಿರುಬೆರಳು ಮಡಚುವುದಿಲ್ಲ. ಯಾರದೇ ಹಳೆಯ ಹಿಡಿ ಎತ್ತುವ ಮೊದಲು, ಇದು ಯಾರದು ಅಂತ ಕೇಳುತ್ತಾನೆ.

ಕಣ್ಣಲ್ಲಿ ನೋಡದೆ, ಬೆರಳಲ್ಲಿ ಮುಟ್ಟದೆ ನಾನು ಯಾವುದನ್ನೂ ಒಪ್ಪುವವಳಲ್ಲ. ಇದನ್ನು ಮುಟ್ಟಿದ್ದೇನೆ. ನೀವೂ ನಾಳೆ ಬನ್ನಿ, ಅತ್ತೆ ಅದೇ ಗುದ್ದಲಿಯಲ್ಲಿ ಈರುಳ್ಳಿ ಪಾತಿಗೆ ನೀರು ತಿರುಗಿಸುತ್ತಿರುತ್ತಾರೆ. ಕಪ್ಪು ಜಾಲಿಮರದ ಹಿಡಿ, ಮೇಲಿಂದ ಕೆಳಗಿನವರೆಗೆ ಒಂದೇ ಮರ, ಬೆಸೆದ ಗೆರೆ ಎಲ್ಲೂ ಇಲ್ಲ. ನಡುವೆ, ಕೈ ಹಿಡಿಯುವ ಜಾಗದಲ್ಲಿ, ಎರಡು ಹಿತ್ತಾಳೆ ಆಣಿ.