ದೇವರ ಚಿತ್ತ ಅಂತ ಹೇಳಿಬಿಡು

ಇಲ್ಲ ತಮ್ಮಾ, ನಾನು ಕೂರೋದಿಲ್ಲ. ಮೊದಲು ಹೇಳು, ನಿನ್ನೆ ಒಂಬತ್ತು ಶವಪೆಟ್ಟಿಗೆ ಸಾಲಾಗಿ ಇಟ್ಕೊಂಡು ಹಾಗ್ಯಾಕೆ ಪ್ರಸಂಗ ಮಾಡಿದೆ? "ಇದು ದೇವರ ಚಿತ್ತ ಅಲ್ಲ, ಮನುಷ್ಯರು ಮಾಡಿದ್ದು" ಅಂತ. ಊರಿಗೆಲ್ಲ ನೀನು ಫಾದರ್ ಇರಬಹುದು, ನಿನ್ನ ಮೂಗು ಒರೆಸಿ ಬೆಳೆಸಿದ ಅಕ್ಕ ನಾನು. ನನಗೆ ಬಿಡಿಸಿ ಹೇಳು.

ಹಾಗಂದ ತಕ್ಷಣ ಜನ ತಿರುಗಿ ನನ್ನನ್ನೇ ನೋಡಿದ್ರು. ಬಟ್ಟೆಗೆ ಬಣ್ಣ ಹಾಕೋ ಆ ಕಾರ್ಖಾನೇಲಿ ಬಾಯ್ಲರ್ ನೋಡ್ಕೋತಿದ್ದದ್ದು ನಿನ್ನ ಭಾವ ತಾನೆ? ಸಿಡಿದದ್ದೂ ಅದೇ ತಾನೆ? ಸತ್ತವರಲ್ಲಿ ಅವರೂ ಒಬ್ಬರು ಅನ್ನೋದು ಮಿಕ್ಕ ಎಂಟು ಮನೆಯವರಿಗೆ ಬೇಡ.

ಹೂಂ, ಗೊತ್ತು. ನೀನಂದದ್ದು ಮಾಲೀಕನಿಗೆ. ಮಾಲೀಕ ಚರ್ಚಿಗೆ ಬಂದಿದ್ನಾ?

ಭಾನುವಾರ ಬೇರೆ ಮಾತು ಹೇಳು. ಕೊಟ್ಟವನೇ ಕರ್ಕೊಂಡ ಅಂತ ಹೇಳಿಬಿಡು. ಅಪ್ಪ ಹೋದಾಗ ಅಮ್ಮನಿಗೆ ಹಾಗೇ ಹೇಳಿದ್ಯಲ್ಲ, ಅವತ್ತೇ ಅಲ್ವಾ ಅವಳು ಎದ್ದು ಒಂದು ತುತ್ತು ತಿಂದಿದ್ದು... ಯಾಕೆ ತಲೆ ಆಡಿಸ್ತೀಯ? ದೇವರು ಬಾಯ್ಲರ್ ಸಿಡಿಸೋನಲ್ಲ, ಬೆಂದವರ ಪಕ್ಕ ನಿಂತೋನು, ಶಿಲುಬೆ ಮೇಲೆ ಅವನೂ ನೋವು ತಿಂದೋನು... ಮೊನ್ನೆಯಿಂದ ನಿನ್ನ ಬಾಯಲ್ಲಿ ಇದನ್ನೇ ಕೇಳಿ ಕೇಳಿ ಸಾಕಾಗಿದೆ. ನನಗೆ ಪಕ್ಕ ನಿಲ್ಲೋ ದೇವರು ಬೇಡ. ನಾನೇ ಮಾಡಿಸಿದೆ ಅಂತ ಎಲ್ಲ ತಲೆ ಮೇಲೆ ಹೊತ್ಕೊಳ್ಳೋ ದೇವರು ಬೇಕು.

ಏನು ಹಾಗೆ ನೋಡ್ತೀಯ? ಭಾವನಿಗೆ ಏನೂ ಗೊತ್ತಿರಲಿಲ್ಲ. ವಾಲ್ವ್ ಕಚ್ಕೊಂಡಿದೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?

...

ವಾಲ್ವ್ ಅಂತ ನನಗೆ ಹೇಗೆ ಗೊತ್ತು ಅಂತಾನಾ? ಹೌದು, ಪೊಲೀಸರೂ ಇನ್ನೂ ಹೇಳಿಲ್ಲ.

ಬೈಯಿ ಬೇಕಾದ್ರೆ.

ಗೊತ್ತಿತ್ತು ಅವರಿಗೆ. ಅವತ್ತು ಬೆಳಿಗ್ಗೆ ಶೂ ಹಾಕ್ಕೊಂಡು ಬಾಗಿಲಲ್ಲೇ ನಿಂತ್ರು. "ಆವಿ ಬಿಡೋ ವಾಲ್ವ್ ಕಚ್ಕೊಂಡಿದೆ. ಎರಡು ಸಲ ಹೇಳಿದೆ, ಮಾಲೀಕ ಕಿವಿಗೇ ಹಾಕ್ಕೊಳ್ತಿಲ್ಲ. ಇವತ್ತು ನಾನು ಬೆಂಕಿ ಹಾಕಲ್ಲ" ಅಂದ್ರು. ನಾನು... ಕಾರ್ಖಾನೆ ಕೊಟ್ಟ ಮನೆ ಇದು, ಕೆಲಸ ಹೋದ್ರೆ ಮಗಳನ್ನ ಕಟ್ಕೊಂಡು ಬೀದೀಲಿ ನಿಲ್ಲಬೇಕಾ ಅಂದೆ. ಯಾರಿಗೂ ಇಲ್ಲದ ಉಸಾಬರಿ ನಿಮಗ್ಯಾಕೆ ಅಂದೆ. ಅವರು ಊಟದ ಡಬ್ಬಿ ತಗೊಂಡು ಹೋದ್ರು.

ಅಳಬೇಡ. ನೀನತ್ರೆ ನನ್ನ ಕೈಲಿ ಆಗಲ್ಲ.

ಭಾನುವಾರ ನಿನಗೆ ತೋಚಿದ್ದೇ ಹೇಳು, ನಾನು ಅಡ್ಡ ಬರಲ್ಲ. ಅದಕ್ಕೆ ಮುಂಚೆ ಎಂಟು ಮನೆಗೂ ಹೋಗ್ತೀನಿ. ಅವತ್ತು ಬೆಳಿಗ್ಗೆ ನಿನ್ನ ಭಾವ ಏನಂದ್ರು ಅಂತ ಹೇಳ್ತೀನಿ. ಆಮೇಲೆ, ನಾನೇನಂದೆ ಅಂತಾನೂ.